ಯಾರದೂ ಅಲ್ಲದ ಭಾಷೆಗೆ ಓಗೊಟ್ಟ ಗಾಡಿ

ಪೀಣ್ಯದ ನಮ್ಮ ಶೀಟ್ ಮೆಟಲ್ ಶೆಡ್ಡಿನಲ್ಲಿ ಸರಕು ಸಾಗಿಸುವ ರೋಬೋ ಗಾಡಿ ಈಗ ಬಾಯಿಮಾತಿಗೆ ಓಡುತ್ತಿದೆ. ಆಟಿಕೆ ಎಂದು ನಕ್ಕವರೇ ಅದಕ್ಕೆಂದು ನಾನು ಕಟ್ಟಿದ ಹೊಸ ಭಾಷೆಯ ಪದಪಟ್ಟಿ ಕೇಳುತ್ತಿದ್ದಾರೆ, ಅದಕ್ಕೇ ಈ ಬರಹ.

ಮೊದಲು ಕನ್ನಡದಲ್ಲೇ ಆಜ್ಞೆ ಕೊಟ್ಟೆವು. ಆದರೆ ಶೆಡ್ಡಿನಲ್ಲಿ ಅರ್ಧಕ್ಕರ್ಧ ಒಡಿಶಾ, ಬಿಹಾರದವರು, ಜೊತೆಗೆ ಕೆಲವರು ತಮಿಳರು. ಹಿಂದಿ ಹಾಕೋಣವೆಂದಾಗ ನಮ್ಮ ಹುಡುಗರು ಸಿಡಿದೆದ್ದರು. ತಮಿಳರೂ ಅವರ ಪಕ್ಷ ಸೇರಿದರು. ಆ ಮಟ್ಟಿಗೆ ಏಕತೆ ಬಂತೆನ್ನಬಹುದು! ಇಂಗ್ಲಿಷ್ ಇನ್ನೂ ಫಜೀತಿ. ಒಬ್ಬ ಬಸ್ ಕಂಡಕ್ಟರ್ ಧಾಟಿಯಲ್ಲಿ 'ರೈಟ್, ರೈಟ್' ಎಂದ; ಗಾಡಿ ಮುಂದೆ ಹೋಗದೆ ಬಲಕ್ಕೆ ತಿರುಗಿ ಪೇಂಟ್ ಡಬ್ಬಗಳಿಗೆ ನುಗ್ಗಿತು. ಐದಾರು ಸಾವಿರ ಅಲ್ಲೇ ಹೋಯಿತು. ಇಂಟರ್ನೆಟ್ಟಿನ ಧ್ವನಿ ಸೇವೆಗೆ ತಿಂಗಳಿಗೆ ಮೂರು ಸಾವಿರದಷ್ಟು ಕಟ್ಟಿದ್ದೂ ದಂಡ. ತಗಡು ಒತ್ತುವ ಪವರ್ ಪ್ರೆಸ್ಸಿನ ಗದ್ದಲ ಶುರುವಾದರೆ ಅದಕ್ಕೆ ಏನೂ ಕೇಳುತ್ತಿರಲಿಲ್ಲ.

ಇಂಡೊನೇಷ್ಯಾದ ಯುವಕರು 1928ರಲ್ಲಿ ಏಕತೆಯ ಭಾಷೆಯೆಂದು ಒಪ್ಪಿದ್ದು ಅತಿ ಹೆಚ್ಚು ಜನರ ಮನೆಮಾತಾದ ಜಾವಾ ಭಾಷೆಯನ್ನಲ್ಲ, ಬಂದರುಗಳ ವ್ಯಾಪಾರದಲ್ಲಿ ಬೆಳೆದ ಮಲಯವನ್ನು. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಯಾರ ಮನೆಮಾತೂ ಅಲ್ಲದ್ದನ್ನೇ ಕಟ್ಟಲು ಕುಳಿತೆ. ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ರೋಬೋಗಳಿಗೆಂದೇ ಹುಟ್ಟಿದ ರೊಯಿಲಾ ಎಂಬ ಕೃತಕ ಭಾಷೆಯಿಂದ ಪದ ಕಟ್ಟುವ ಬಗೆಯನ್ನು ತಂದೆ, ವಾಕ್ಯದ ಕ್ರಮವನ್ನು ಬಿಟ್ಟೆ. ಅಲ್ಲಿ ಕ್ರಿಯಾಪದ ಇಂಗ್ಲಿಷಿನಂತೆ ನಡುವೆ ಬರುತ್ತದೆ. ನಮ್ಮ ಶೆಡ್ಡಿನ ಎಲ್ಲ ಭಾಷೆಗಳಲ್ಲೂ ಅದು ಕೊನೆಗೇ.

ಎಲ್ಲರ ನಾಲಿಗೆಗೂ ಹೊರಳದ ಮಹಾಪ್ರಾಣ, ಳ, ಶ ತೆಗೆದೆ. ಒಡಿಯಾದವರ ಬಾಯಲ್ಲಿ ಬ ಆಗುವ ವ ಹೋಯಿತು. ಹಿಂದಿಯವರು ಕೊನೆಯ ಅಕಾರವನ್ನು ನುಂಗುವುದರಿಂದ ಯಾವ ಪದವೂ ಅಕಾರದಲ್ಲಿ ಮುಗಿಯುವುದಿಲ್ಲ. ಬಲಕ್ಕೆ 'ಕೆತೂರಿ', ಎಡಕ್ಕೆ 'ನಾಸೋಮಿ', ಹೋಗು ಎನ್ನಲು 'ಮಿಲೂಕೆ'. ತಮಿಳಿನವನು 'ಕೆದೂರಿ' ಎಂದರೂ ಚಿಂತೆಯಿಲ್ಲ, ಅದಕ್ಕೆ ಹತ್ತಿರದ ಬೇರೆ ಪದವೇ ಪಟ್ಟಿಯಲ್ಲಿಲ್ಲ. ಎರಡು ಅಕ್ಷರದ ಪದಗಳು ಗದ್ದಲದಲ್ಲಿ ಸತ್ತವು. ಮೂರಕ್ಕೆ ಏರಿಸಿದ ಮೇಲೆ ಹತ್ತಕ್ಕೆ ಒಂಬತ್ತು ಸಲ ಕೇಳಿಸಿಕೊಂಡಿತು.

ನಡುವೆ ಒಂದು ಹುಚ್ಚು ಪ್ರಯೋಗವೂ ನಡೆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಸುದ್ರ್ ಸಂಗೀತದ ಏಳು ಸ್ವರಗಳಿಂದಲೇ ಸೋಲ್‌ರೆಸೋಲ್ ಎಂಬ ಭಾಷೆ ಕಟ್ಟಿದ್ದ. ನಾನೂ ಸರಿಗಮದಲ್ಲಿ ಪದ ಮಾಡಿದೆ. ಎಲ್ಲರಿಗೂ ಬೇಗ ಬಾಯಿಪಾಠವಾಯಿತು, ಆದರೆ ಸ, ಗ, ಮ, ಪ, ದ ಒಂದೇ ಅಕಾರದ ಮೇಲೆ ನಿಂತಿರುವುದರಿಂದ ಗಾಡಿಗೆ ಎಲ್ಲವೂ ಒಂದೇ ಆಗಿ ಕೇಳಿಸಿತು.

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಇಂಟರ್ನೆಟ್ ಇಲ್ಲದೆಯೇ ಮಾತು ಗುರುತಿಸುವ ಪಾಕೆಟ್‌ಸ್ಫಿಂಕ್ಸ್ ತಂತ್ರಾಂಶ, ಎರಡು ಮೈಕು, ಸುಟ್ಟುಹೋದ ಮೋಟಾರ್ ಡ್ರೈವರ್ (ಮೋಟಾರು ನಡೆಸುವ ಸರ್ಕ್ಯೂಟ್) ಗಳನ್ನೂ ಸೇರಿಸಿ ನಲವತ್ತು ಸಾವಿರದ ಆಸುಪಾಸು ಖರ್ಚಾಯಿತು. ಹೊರಗಿನವರು ಇದಕ್ಕೇ ಮೂರು ಲಕ್ಷ ಹೇಳಿದ್ದರು. ತುರ್ತು ನಿಲುಗಡೆಯ ಕೆಂಪು ಗುಂಡಿ ಬೇರೆಯೇ ಇದೆ, ಅದನ್ನು ಯಾವ ಭಾಷೆಗೂ ಒಪ್ಪಿಸುವುದಿಲ್ಲ.

ಪದಪಟ್ಟಿ ಬೇಕಾದವರಿಗೆ ಕೊಡುತ್ತೇನೆ. 'ನಿಲ್ಲು' ಎಂಬುದಕ್ಕೆ ಕಟ್ಟಿದ ಪದವನ್ನೂ ಮೈಕನ್ನು ಎಲ್ಲಿ ಕೂರಿಸಿದ್ದೇನೆ ಎಂಬುದನ್ನೂ ಮಾತ್ರ ಕೇಳಬೇಡಿ. ಪಕ್ಕದ ಶೆಡ್ಡಿನವರು ಅದಕ್ಕೆ ಆಗಲೇ ಮುಂಗಡ ಕೊಟ್ಟಿದ್ದಾರೆ.