ಜೇನಿಗೆ ನೀರಿನ ಕೆವಿ ಸಾಲದು: ನನ್ನ ಅನುಭವ

ಜೇನಿನ ಬಾಟಲಿ ತುಂಬುವ ಲೈನಿಗೆ ಒಂದಿಂಚಿನ ವಾಲ್ವ್ ಹಾಕುತ್ತೇನೆ ಎಂದಾಗ ಮಡಿಕೇರಿಯಲ್ಲಿ ಯಾರೂ ಒಪ್ಪಲಿಲ್ಲ. ಗಂಟೆಗೆ 300 ಲೀಟರಿಗೆ ಅರ್ಧ ಇಂಚೇ ಹೆಚ್ಚು ಎಂದರು. ನೀರಿಗಾದರೆ ಸರಿ. ಕೆವಿ ಎಂದರೆ ಒಂದು ಬಾರ್ ಒತ್ತಡದ ವ್ಯತ್ಯಾಸದಲ್ಲಿ ವಾಲ್ವಿನ ಮೂಲಕ ಗಂಟೆಗೆ ಎಷ್ಟು ಘನ ಮೀಟರ್ ನೀರು ಹರಿಯುತ್ತದೆ ಎಂಬ ಅಳತೆ. ಜೇನಿನ ಸಾಪೇಕ್ಷ ಸಾಂದ್ರತೆ 1.4, ವಾಲ್ವಿನ ಮೇಲೆ ಅರ್ಧ ಬಾರ್ ಹಿಡಿದರೆ ಮಾಮೂಲು ಸೂತ್ರದಲ್ಲಿ ಕೆವಿ 0.5 ಬರುತ್ತದೆ. ಆದರೆ 40 ಡಿಗ್ರಿಯಲ್ಲೂ ಜೇನಿನ ಸ್ನಿಗ್ಧತೆ (ಹರಿಯಲು ತಡೆಯೊಡ್ಡುವ ಮಂದತನ) ಸುಮಾರು 2000 ಸೆಂಟಿಪಾಯ್ಸ್. ವಾಲ್ವ್ ಲೆಕ್ಕದ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 60534ರ ತಿದ್ದುಪಡಿ ಗುಣಕ ಹಾಕಿದರೆ 3.5 ಬೇಕು, ಏಳು ಪಟ್ಟು. ಕೆವಿ ಹೆಚ್ಚಿಸಿದಷ್ಟೂ ರೆನಾಲ್ಡ್ಸ್ ಸಂಖ್ಯೆ (ಹರಿವಿನಲ್ಲಿ ಸ್ನಿಗ್ಧತೆಯ ಪ್ರಭಾವ ಎಷ್ಟೆಂದು ತೋರಿಸುವ ಅಂಕಿ; ಕಡಿಮೆಯಾದಷ್ಟೂ ಪ್ರಭಾವ ಹೆಚ್ಚು) ಇಳಿಯುವುದರಿಂದ ಅಂಕಿ ನಿಲ್ಲುವವರೆಗೆ ಲೆಕ್ಕವನ್ನು ಮತ್ತೆ ಮತ್ತೆ ಸುತ್ತಿಸಬೇಕು. ಜೇನು 25 ಡಿಗ್ರಿಗೆ ತಣಿದರೆ ಕೆವಿ ಹತ್ತರ ಹತ್ತಿರ ಹೋಗುತ್ತದೆ.

ನಮ್ಮ ತುಡುವೆ ಜೇನಿನಲ್ಲಿ ನೀರಿನಂಶ ಜಾಸ್ತಿ, ಹಾಗಾಗಿ ಪುಸ್ತಕದ ಸ್ನಿಗ್ಧತೆ ನಂಬುವಂತಿಲ್ಲ. ಅಗಲ ಜಾಡಿಯಲ್ಲಿ 3 ಮಿ.ಮೀ. ಉಕ್ಕಿನ ಗುಂಡು ಬಿಟ್ಟು ನೋಡಿ. 20 ಸೆಂ.ಮೀ. ಇಳಿಯಲು 13 ಸೆಕೆಂಡ್ ಹಿಡಿದರೆ 2000 ಸೆಂಟಿಪಾಯ್ಸ್, ಒಂದು ನಿಮಿಷ ದಾಟಿದರೆ ಹತ್ತು ಸಾವಿರ. ಜಾಡಿ ಕಿರಿದಾದರೆ ಗುಂಡು ನಿಧಾನವಾಗಿ ಇಳಿದು ಲೆಕ್ಕ ಕೆಡುತ್ತದೆ.

ಹಣ ಹೋದದ್ದು ವಾಲ್ವಿಗಿಂತ ಪೈಪಿಗೆ. ಮೊದಲು ಡೀಲರ್ ಕೊಟ್ಟ ಅರ್ಧ ಇಂಚಿನ ನೀಡಲ್ ವಾಲ್ವಿಗೆ ಸಾವಿರದ ಚಿಲ್ಲರೆ. ಮೇಣದ ಚೂರು, ಹರಳು ಸೇರಿ ಅದು ಬೇಗನೇ ಕಟ್ಟಿಕೊಂಡಿತು. ದೊಡ್ಡದು ಹಾಕಿಸಿದರೂ ಹರಿವು ಏರಲಿಲ್ಲ, ಏಕೆಂದರೆ ಒಂದಿಂಚಿನ ಪೈಪ್ ಮೀಟರಿಗೆ 0.17 ಬಾರ್ ತಿನ್ನುತ್ತಿತ್ತು. ಟ್ಯಾಂಕ್ ಮೂರೂವರೆ ಮೀಟರ್ ಎತ್ತರದಲ್ಲಿದ್ದರೂ ಸಿಗುವುದು ಅರ್ಧ ಬಾರ್, ಮೂರು ಮೀಟರ್ ಪೈಪಿನಲ್ಲೇ ಅದು ಮುಗಿದುಹೋಗುತ್ತದೆ. ಎರಡಿಂಚಿನ ಪೈಪಿನಲ್ಲಿ ನಷ್ಟ ಹದಿನಾರನೇ ಒಂದು ಪಾಲು. ಅದನ್ನೂ ಒಂದಿಂಚಿನ ವಿ-ಪೋರ್ಟ್ (ಗುಂಡಿನಲ್ಲಿ ವಿ ಆಕಾರದ ಗೀರಿರುವ) ಬಾಲ್ ವಾಲ್ವನ್ನೂ ಹಾಕಿದ ಮೇಲೆ ಮುನ್ನೂರು ಲೀಟರ್ ದಾಟಿತು. ವಾಲ್ವ್ ಒಂದಕ್ಕೇ ಎಂಟೊಂಬತ್ತು ಸಾವಿರ ಆಗಿರಬೇಕು. ವಿ ಗೀರಿನ ಕೋನ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹತ್ತಿರವೇ ಇರಲಿ.

ಮಳೆಗಾಲದಲ್ಲಿ ಪೈಪಿಗೂ ವಾಲ್ವಿನ ಮೈಗೂ ಹೀಟಿಂಗ್ ಟೇಪ್ ಸುತ್ತಿ, ಥರ್ಮೋಸ್ಟಾಟ್ 42ಕ್ಕೆ ಇಡಿ. ಅದಕ್ಕಿಂತ ಮೇಲೇರಿಸಿದರೆ ಎಚ್‌ಎಂಎಫ್ (ಬಿಸಿಗೆ ಜೇನಿನ ಸಕ್ಕರೆಯಿಂದ ಹುಟ್ಟುವ, ಗುಣಮಟ್ಟ ಕೆಟ್ಟದ್ದನ್ನು ತೋರಿಸುವ ರಾಸಾಯನಿಕ) ಏರುತ್ತದೆ.

ಇದೇ ವಾಲ್ವಿನಲ್ಲಿ ಕಾಚಂಪುಳಿಯನ್ನೂ (ಕೊಡಗಿನ ಅಡುಗೆಯ ಕಪ್ಪು ಹುಳಿ ರಸ) ಬಿಟ್ಟು ನೋಡಿದೆ. ಜೇನಿನಷ್ಟು ಮಂದವಲ್ಲ, ಸ್ವಲ್ಪ ತೆರೆದರೆ ಸಾಕು. ಆದರೆ ಆ ಹುಳಿಗೆ ಹಿತ್ತಾಳೆ ನಿಲ್ಲುವುದಿಲ್ಲ, 316 ಸ್ಟೇನ್‌ಲೆಸ್ಸೇ ಬೇಕು.

ಇನ್ನೊಂದು ವಿಷಯ. ಒತ್ತಡ ಅರ್ಧಕ್ಕಿಳಿದರೆ ನೀರಿನ ಹರಿವು ಅರ್ಧವಲ್ಲ, ಶೇ. 70ರಷ್ಟು ಉಳಿಯುತ್ತದೆ. ಜೇನಿನದು ನೇರ ಅರ್ಧವಾಗುತ್ತದೆ. ಟ್ಯಾಂಕಿನ ಮಟ್ಟ ಇಳಿದಂತೆ ವಾಲ್ವನ್ನು ಸ್ವಲ್ಪ ಸ್ವಲ್ಪವೇ ತೆರೆಯುತ್ತಾ ಹೋಗಿ.