ರಿಸರ್ಚ್ ಫೋಲ್ಡರ್ ಯಾರ ಹೆಸರಲ್ಲಿದೆ? ಲಿಂಕ್ ಕಳಿಸುವ ಮೊದಲು ನೋಡಿಕೊಳ್ಳಿ

ಐದಾರು ಜನ ಸೇರಿ ಒಂದು ಸಂಶೋಧನೆ ಶುರು ಮಾಡಿದ್ದೀರಿ ಅಂದುಕೊಳ್ಳಿ. ಊರೂರು ತಿರುಗಿ ಶಾಸನಗಳ ಫೋಟೊ ತೆಗೆಯಬೇಕು, ಹಿರಿಯರ ಹಾಡು, ಮಾತು ರೆಕಾರ್ಡ್ ಮಾಡಬೇಕು, ಆಮೇಲೆ ಕೂತು ಎಲ್ಲ ಟೈಪ್ ಮಾಡಬೇಕು. ಒಬ್ಬರು ಧಾರವಾಡದಲ್ಲಿ, ಇಬ್ಬರು ಮೈಸೂರಿನಲ್ಲಿ, ಗೈಡ್ ಬೆಂಗಳೂರಿನಲ್ಲಿ. "ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ ಲಿಂಕ್ ಗ್ರೂಪಿಗೆ ಹಾಕಪ್ಪಾ" ಅಂತ ಗೈಡ್ ಹೇಳುತ್ತಾರೆ. ಗುಂಪಿನಲ್ಲಿ ಎಲ್ಲರಿಗಿಂತ ಕಿರಿಯ ಹುಡುಗ ತನ್ನ ಸ್ವಂತ ಜಿಮೇಲ್‌ನಿಂದ ಎರಡು ನಿಮಿಷದಲ್ಲಿ ಮಾಡಿ ಕೊಡುತ್ತಾನೆ. ಎಡವಟ್ಟು ಶುರುವಾಗುವುದೇ ಅಲ್ಲಿ. ಮೂರು ವರ್ಷ ಆದಮೇಲೆ ಹುಡುಗ ಕೆಲಸ ಸಿಕ್ಕಿ ಹೋಗಿರುತ್ತಾನೆ, ಅವನ ಜಿಮೇಲ್ ತುಂಬಿರುತ್ತದೆ, ಜಾಗ ಮಾಡಲು ಅವನು 'ಹಳೇ ಸಾಮಾನು' ಡಿಲೀಟ್ ಮಾಡುತ್ತಾನೆ. ಹಾಗೆ ಹೋದದ್ದು ಇಡೀ ತಂಡದ ದುಡಿಮೆ. ಇದನ್ನು ಬೇರೆ ಬೇರೆ ವಿಭಾಗಗಳಲ್ಲಿ ನೋಡಿ ನೋಡಿ ಬೇಸತ್ತು ಈ ಲೇಖನ ಬರೆಯುತ್ತಿದ್ದೇನೆ.

1. ಎಷ್ಟು ಜಾಗ ಬೇಕು, ಲೆಕ್ಕ ಹಾಕಿ

ಉಚಿತವಾಗಿ ಗೂಗಲ್ ಕೊಡುವುದು 15 ಜಿಬಿ, ಒನ್‌ಡ್ರೈವ್ 5 ಜಿಬಿ, ಡ್ರಾಪ್‌ಬಾಕ್ಸ್ 2 ಜಿಬಿ. ಗೂಗಲ್‌ನ 15 ಜಿಬಿಯಲ್ಲಿ ಮೇಲ್, ಫೋಟೋಸ್, ಡ್ರೈವ್ ಮೂರೂ ಸೇರಿವೆ. ಅದು ತುಂಬಿದರೆ ಹೊಸ ಮೇಲ್ ಬರುವುದೂ ನಿಲ್ಲುತ್ತದೆ. ಒಳ್ಳೆ ಗುಣಮಟ್ಟದ ವೇವ್ ಫೈಲ್‌ನಲ್ಲಿ ಒಂದು ಗಂಟೆಯ ಸ್ಟೀರಿಯೊ ರೆಕಾರ್ಡಿಂಗ್ ಅಂದರೆ ಸುಮಾರು 600 ಎಂಬಿ. ಇಪ್ಪತ್ತೈದು ಗಂಟೆ ಹಾಡು ರೆಕಾರ್ಡ್ ಮಾಡುವಷ್ಟರಲ್ಲಿ 15 ಜಿಬಿ ಖಾಲಿ. ಫೋಟೊಗಳಿಗೆ ಜಾಗವೇ ಇಲ್ಲ.

ವಿಶ್ವವಿದ್ಯಾಲಯದ ಖಾತೆ ಇದ್ದರೆ ಅದನ್ನೇ ಬಳಸಿ. ಆದರೆ ಅಲ್ಲಿ ಈಗ 'ಅನ್‌ಲಿಮಿಟೆಡ್' ಇಲ್ಲ. ಶಿಕ್ಷಣ ಸಂಸ್ಥೆಗಳಿಗೆ ಗೂಗಲ್ ಕೊಡುತ್ತಿದ್ದ ಆ ಸೌಲಭ್ಯ 2022ರಲ್ಲಿ ನಿಂತಿತು. ಇಡೀ ಸಂಸ್ಥೆಗೆ ಸೇರಿ 100 ಟಿಬಿ ಅಂತ ಮಿತಿ ಬಂತು. ನಿಮ್ಮ ಪಾಲಿಗೆ ಎಷ್ಟು ಅಂತ ಕಂಪ್ಯೂಟರ್ ಸೆಂಟರ್‌ನವರನ್ನು ಮೊದಲೇ ಕೇಳಿ. ಅವರೇ ಸ್ವಂತ ಸರ್ವರ್‌ನಲ್ಲಿ ನೆಕ್ಸ್ಟ್‌ಕ್ಲೌಡ್ (ಡ್ರೈವ್‌ನಂತೆಯೇ ಫೈಲು ಹಂಚಿಕೊಳ್ಳುವ ಸಾಫ್ಟ್‌ವೇರ್) ನಡೆಸುತ್ತಿದ್ದರೆ ಇನ್ನೂ ಒಳ್ಳೆಯದು, ಫೈಲು ಕ್ಯಾಂಪಸ್ ಬಿಟ್ಟು ಹೋಗುವುದಿಲ್ಲ.

ಟೆಲಿಗ್ರಾಂನಲ್ಲಿ ಇನ್ನೂರು ಮುನ್ನೂರು ರೂಪಾಯಿಗೆ 'ಲೈಫ್‌ಟೈಂ ಅನ್‌ಲಿಮಿಟೆಡ್ ಡ್ರೈವ್' ಮಾರುತ್ತಾರಲ್ಲ, ಅದರ ತಂಟೆಗೆ ಹೋಗಬೇಡಿ. ಅದು ಯಾವುದೋ ಸಂಸ್ಥೆಯ ಖಾತೆ, ಕೀಲಿ ಇನ್ನೊಬ್ಬರ ಕೈಯಲ್ಲಿರುತ್ತದೆ. ಫುಟ್‌ಪಾತ್‌ನ 2 ಟಿಬಿ ಪೆನ್‌ಡ್ರೈವ್ ಕೂಡ ಅದೇ ಜಾತಿ. 2 ಟಿಬಿ ಅಂತ ತೋರಿಸುತ್ತದೆ, ಒಳಗಿರುವುದು ಸಣ್ಣ ಚಿಪ್. ತುಂಬಿದ ಮೇಲೆ ಹಾಕಿದ ಫೈಲ್ ಹೆಸರು ಕಾಣುತ್ತದೆ, ತೆರೆಯುವುದಿಲ್ಲ.

2. ಓನರ್ ಯಾರು ಅಂತ ತೀರ್ಮಾನಿಸಿ

ಎಲ್ಲರೂ ಎಡವುವುದು ಈ ಹಂತದಲ್ಲಿ. ಸ್ವಲ್ಪ ನಿಧಾನವಾಗಿ ಓದಿ.

ಗೂಗಲ್ ಡ್ರೈವ್‌ನಲ್ಲಿ ಫೋಲ್ಡರ್ ಯಾರದ್ದು ಅನ್ನುವುದು ಬೇರೆ, ಅದರೊಳಗಿನ ಫೈಲು ಯಾರದ್ದು ಅನ್ನುವುದು ಬೇರೆ. ಫೈಲನ್ನು ಯಾರು ಅಪ್‌ಲೋಡ್ ಮಾಡಿದರೋ ಅವರೇ ಓನರ್. ಜಾಗ ಖರ್ಚಾಗುವುದೂ ಅವರ ಲೆಕ್ಕದಲ್ಲೇ. ಗೈಡ್ ಫೋಲ್ಡರ್ ಮಾಡಿ ನಾಲ್ಕು ವಿದ್ಯಾರ್ಥಿಗಳು ಅದಕ್ಕೆ ಫೋಟೊ ಹಾಕಿದರೆ ಆ ಫೋಟೊಗಳು ಗೈಡ್‌ದಲ್ಲ, ವಿದ್ಯಾರ್ಥಿಗಳದ್ದು. ಒಬ್ಬ ತನ್ನ ಫೈಲು ಅಳಿಸಿದರೆ ಅದು ಟ್ರ್ಯಾಶ್‌ಗೆ ಹೋಗುತ್ತದೆ, 30 ದಿನ ಆದಮೇಲೆ ಎಲ್ಲರಿಗೂ ಮಾಯ. ಅವನು ಅಳಿಸದಿದ್ದರೂ ಅಪಾಯ ತಪ್ಪಿದ್ದಲ್ಲ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಗೂಗಲ್ 2023ರ ಡಿಸೆಂಬರ್‌ನಿಂದ ತೆಗೆದುಹಾಕುತ್ತಿದೆ. ಕೋರ್ಸ್ ಮುಗಿದವರ ಖಾತೆಯನ್ನು ಕಾಲೇಜುಗಳೂ ಮುಚ್ಚುತ್ತವೆ.

ಈಗಲೇ ಪರೀಕ್ಷೆ ಮಾಡಿ. ಕಂಪ್ಯೂಟರ್‌ನಲ್ಲಿ ಡ್ರೈವ್ ತೆರೆದು ತಂಡದ ಫೋಲ್ಡರ್‌ಗೆ ಹೋಗಿ. ಬಲಗಡೆ ಮೇಲೆ ಲಿಸ್ಟ್ ವ್ಯೂ ಒತ್ತಿ. ಹೆಸರಿನ ಪಕ್ಕದಲ್ಲಿ 'ಓನರ್' ಅನ್ನುವ ಕಾಲಂ ಕಾಣುತ್ತದೆ. ಕೆಳಗಿನವರೆಗೂ ನೋಡುತ್ತಾ ಹೋಗಿ. ಮೂರು ನಾಲ್ಕು ಹೆಸರು ಸಿಗುತ್ತವೆ, ಅದರಲ್ಲಿ ಒಬ್ಬರಾದರೂ ತಂಡ ಬಿಟ್ಟವರು ಇರುತ್ತಾರೆ.

ಇದಕ್ಕೆ ಸರಿಯಾದ ಪರಿಹಾರ 'ಶೇರ್ಡ್ ಡ್ರೈವ್'. ಇದು ಸಂಸ್ಥೆಯ ಖಾತೆಗಳಲ್ಲಿ ಮಾತ್ರ ಸಿಗುತ್ತದೆ. ಇದರೊಳಗೆ ಹಾಕಿದ್ದೆಲ್ಲ ಸಂಸ್ಥೆಯ ಸೊತ್ತು, ಯಾರು ಬಂದರೂ ಹೋದರೂ ಫೈಲು ಅಲ್ಲೇ ಉಳಿಯುತ್ತದೆ. ಗೈಡ್ ಜೊತೆಗೆ ಇನ್ನೊಬ್ಬ ಕಾಯಂ ಅಧ್ಯಾಪಕರನ್ನೂ 'ಮ್ಯಾನೇಜರ್' ಮಾಡಿ. ಒಬ್ಬರನ್ನೇ ಮಾಡಬೇಡಿ. ವಿದ್ಯಾರ್ಥಿಗಳಿಗೆ 'ಕಾಂಟ್ರಿಬ್ಯೂಟರ್' ಸಾಕು. ಹಾಕಬಹುದು, ತಿದ್ದಬಹುದು, ಅಳಿಸಲಾಗುವುದಿಲ್ಲ. ಒಂದೇ ತೊಡಕು ಅಂದರೆ, ಲ್ಯಾಪ್‌ಟಾಪ್‌ನ 'ಡ್ರೈವ್ ಫಾರ್ ಡೆಸ್ಕ್‌ಟಾಪ್' ಮೂಲಕ ಕೆಲಸ ಮಾಡುವವರಿಗೆ ಕಾಂಟ್ರಿಬ್ಯೂಟರ್ ಆಗಿದ್ದರೆ ಫೈಲು ಬರೀ ನೋಡಲಿಕ್ಕೆ ಸಿಗುತ್ತದೆ. ಅವರು ಬ್ರೌಸರ್‌ನಲ್ಲೇ ಮಾಡಲಿ.

ಶೇರ್ಡ್ ಡ್ರೈವ್ ಇಲ್ಲ, ಎಲ್ಲರದ್ದೂ ಸ್ವಂತ ಜಿಮೇಲ್ ಅಂದರೆ? ಪ್ರಾಜೆಕ್ಟ್ ಹೆಸರಿನಲ್ಲೇ ಒಂದು ಹೊಸ ಖಾತೆ ತೆರೆಯಿರಿ. ರಿಕವರಿ ಫೋನ್ ನಂಬರ್ ಗೈಡ್‌ದು ಕೊಡಿ. ತಂಡದಲ್ಲಿ ಒಬ್ಬರು ಮಾತ್ರ ಆ ಖಾತೆ ನೋಡಿಕೊಳ್ಳಲಿ. ಉಳಿದವರು 'ಒಳಬರುವವು' ಅಂತ ಒಂದು ಫೋಲ್ಡರ್‌ಗೆ ಫೈಲು ಹಾಕಲಿ. ವಾರಕ್ಕೊಮ್ಮೆ ಆ ಒಬ್ಬರು ಒಳಗೆ ಹೋಗಿ, ಫೈಲುಗಳನ್ನೆಲ್ಲ ಸೆಲೆಕ್ಟ್ ಮಾಡಿ, 'ಮೇಕ್ ಎ ಕಾಪಿ' ಒತ್ತಿ, ಪ್ರತಿಗಳನ್ನು ಮುಖ್ಯ ಫೋಲ್ಡರ್‌ಗೆ ಸರಿಸಲಿ. ಪ್ರತಿ ಮಾಡಿದವರೇ ಪ್ರತಿಯ ಓನರ್, ಅದೇ ಇಲ್ಲಿನ ಗುಟ್ಟು. ಸುಮ್ನೆ ಕಿರಿಕಿರಿ ಅನ್ನಿಸುತ್ತದೆ, ನಿಜ. ಆದರೂ ಮಾಡಿ.

'ಆಡ್ ಶಾರ್ಟ್‌ಕಟ್' ಒತ್ತಿ "ನನ್ನ ಡ್ರೈವ್‌ಗೆ ಸೇವ್ ಮಾಡಿಕೊಂಡೆ ಸಾರ್" ಅನ್ನುವವರು ತುಂಬಾ ಜನ ಇದ್ದಾರೆ. ಅದು ಸೇವ್ ಅಲ್ಲ. ಶಾರ್ಟ್‌ಕಟ್ ಬರೀ ದಾರಿ ತೋರಿಸುತ್ತದೆ. ಮೂಲ ಫೈಲು ಹೋದ ದಿನ ಅದೂ ದಂಡ.

'ಟ್ರಾನ್ಸ್‌ಫರ್ ಓನರ್‌ಶಿಪ್' ಅಂತ ಒಂದು ಆಯ್ಕೆ ಇದೆ. ಶೇರ್ ಒತ್ತಿದಾಗ ಬರುವ ಪಟ್ಟಿಯಲ್ಲಿ ಹೆಸರಿನ ಪಕ್ಕ ಸಿಗುತ್ತದೆ. ಎದುರಿನವರು ಒಪ್ಪಿಕೊಳ್ಳುವವರೆಗೆ ಓನರ್ ಹಳಬರೇ. ಫೋಲ್ಡರ್ ವರ್ಗಾಯಿಸಿದರೆ ಒಳಗಿನ ಫೈಲು ತಾನಾಗಿ ಬರುವುದಿಲ್ಲ. ಸ್ವಂತ ಜಿಮೇಲ್‌ನಿಂದ ಸಂಸ್ಥೆಯ ಖಾತೆಗೆ ವರ್ಗಾಯಿಸಲೂ ಆಗುವುದಿಲ್ಲ. ಹಾಗಾಗಿ ಕೊನೆಗೆ ಇದನ್ನು ನಂಬಿ ಕೂರಬೇಡಿ.

ಡ್ರಾಪ್‌ಬಾಕ್ಸ್‌ನ ಉಚಿತ ಖಾತೆಗಳಲ್ಲಿ ಲೆಕ್ಕ ಉಲ್ಟಾ. ಹಂಚಿಕೊಂಡ ಫೋಲ್ಡರ್ ಎಲ್ಲ ಸದಸ್ಯರ ಜಾಗವನ್ನೂ ತಿನ್ನುತ್ತದೆ. ಒಬ್ಬರು 3 ಜಿಬಿ ಹಾಕಿದರೆ 2 ಜಿಬಿ ಇರುವ ಎಲ್ಲರೂ ಹೊರಗೆ.

3. ಲಿಂಕ್ ಅಲ್ಲ, ಹೆಸರು ಹಾಕಿ ಹಂಚಿ

ಶೇರ್ ಬಾಕ್ಸ್‌ನ ಕೆಳಗೆ 'ಜನರಲ್ ಆಕ್ಸೆಸ್' ಅಂತ ಇದೆ. ಅದು 'ರಿಸ್ಟ್ರಿಕ್ಟೆಡ್' ಅಂತಲೇ ಇರಲಿ. 'ಎನಿಒನ್ ವಿತ್ ದ ಲಿಂಕ್' ಮಾಡಿ ಪಕ್ಕದಲ್ಲಿ 'ಎಡಿಟರ್' ಹಾಕಿದರೆ, ಆ ಲಿಂಕ್ ಫಾರ್ವರ್ಡ್ ಆಗಿ ಯಾರ ಕೈಗೆ ಹೋಗುತ್ತದೋ ಅವರೆಲ್ಲ ನಿಮ್ಮ ಡೇಟಾ ತಿದ್ದಬಹುದು. ವಾಟ್ಸಾಪ್‌ನಲ್ಲಿ ಲಿಂಕ್ ಒಂದು ಗ್ರೂಪಿನಲ್ಲೇ ನಿಲ್ಲುತ್ತದೆ ಅಂತ ನಂಬುವವರು ಯಾರಿದ್ದಾರೆ, ಅಲ್ವಾ?

ಒಬ್ಬೊಬ್ಬರ ಇ-ಮೇಲ್ ಹಾಕಿ ಅನುಮತಿ ಕೊಡಿ. ಮೇಲಿನ ಫೋಲ್ಡರ್‌ಗೆ ಕೊಟ್ಟ ಅನುಮತಿ ಒಳಗಿನ ಎಲ್ಲದಕ್ಕೂ ಇಳಿಯುತ್ತದೆ. ಹಾಗಾಗಿ ಮೇಲೆ ಕಡಿಮೆ ಕೊಡಿ, ಬೇಕಾದ ಒಳ ಫೋಲ್ಡರ್‌ನಲ್ಲಿ ಜಾಸ್ತಿ ಮಾಡಿ. ಮೂಲ ಫೋಟೊ ಮತ್ತು ಆಡಿಯೊ ಇರುವ ಫೋಲ್ಡರ್‌ಗೆ ಎಲ್ಲರೂ 'ವ್ಯೂವರ್'. ಲೇಖನದ ಕರಡು ಇರುವಲ್ಲಿ ಎಡಿಟರ್. ಹೊರಗಿನ ವಿದ್ವಾಂಸರಿಗೆ ಓದಲು ಕೊಟ್ಟರೆ 'ಕಮೆಂಟರ್'. ಶೇರ್ ಬಾಕ್ಸ್‌ನ ಗಿಯರ್ ಚಿಹ್ನೆ ಒತ್ತಿದರೆ ಎಡಿಟರ್‌ಗಳು ಬೇರೆಯವರಿಗೂ ಹಂಚಬಹುದು ಅನ್ನುವ ಟಿಕ್ ಇರುತ್ತದೆ. ಅದನ್ನು ತೆಗೆಯಿರಿ. ಬಹಳ ಜನ ಆ ಗಿಯರ್ ನೋಡಿರುವುದೇ ಇಲ್ಲ.

ಸಂದರ್ಶನ ಕೊಟ್ಟವರ ಹೆಸರು, ಫೋನ್ ನಂಬರ್ ಇರುವ ಪಟ್ಟಿ ಈ ಫೋಲ್ಡರ್‌ನಲ್ಲಿ ಇರಲೇಬಾರದು. ಆಡಿಯೊಗೆ ಒಂದು ಸಂಕೇತ ಸಂಖ್ಯೆ ಕೊಡಿ. ಯಾವ ಸಂಖ್ಯೆ ಯಾರದ್ದು ಅನ್ನುವ ಪಟ್ಟಿಯನ್ನು 7-ಜಿಪ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಪಾಸ್‌ವರ್ಡ್ ಹಾಕಿ, ಗೈಡ್ ಬಳಿ ಬೇರೆ ಇಡಿ. ಪಾಸ್‌ವರ್ಡನ್ನು ಅದೇ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ, ದಯವಿಟ್ಟು.

4. ಫೀಲ್ಡ್‌ನಿಂದ ಫೈಲು ತರುವುದು

ವಾಟ್ಸಾಪ್‌ನಲ್ಲಿ ಸಾಮಾನ್ಯ ಫೋಟೊ ಹಾಗೆ ಕಳಿಸಿದರೆ ಅದು ಕುಗ್ಗುತ್ತದೆ. ಯಾವ ದಿನ, ಯಾವ ಜಾಗದಲ್ಲಿ ತೆಗೆದದ್ದು ಅನ್ನುವ ಮಾಹಿತಿಯೂ ಹೋಗುತ್ತದೆ. ಸವೆದ ಶಾಸನದ ಅಕ್ಷರ ಓದಬೇಕಾದವರಿಗೆ ಅಂಥ ಫೋಟೊದಿಂದ ಉಪಯೋಗವಿಲ್ಲ. ತುರ್ತು ಇದ್ದರೆ ಅಟ್ಯಾಚ್ ಚಿಹ್ನೆ ಒತ್ತಿ 'ಡಾಕ್ಯುಮೆಂಟ್' ಆಗಿ ಕಳಿಸಿ. ಇಲ್ಲದಿದ್ದರೆ ಮೆಮೊರಿ ಕಾರ್ಡಿನಿಂದ ಡ್ರೈವ್‌ಗೆ ನೇರ ಅಪ್‌ಲೋಡ್ ಮಾಡಿ.

ಹೆಸರು ಇಡುವಾಗ ವರ್ಷ-ತಿಂಗಳು-ದಿನ ಮೊದಲು ಬರಲಿ, ಆಮೇಲೆ ಊರು, ಆಮೇಲೆ ಸಂಖ್ಯೆ. '2025-01-18_ಬಳ್ಳಿಗಾವಿ_007' ಅಂದರೆ ಫೈಲುಗಳು ತಾವೇ ದಿನದ ಕ್ರಮದಲ್ಲಿ ಕೂರುತ್ತವೆ. 'ಫೈನಲ್', 'ಫೈನಲ್ ಹೊಸದು', 'ಇದೇ ಫೈನಲ್' ಬೇಡವೇ ಬೇಡ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ತಲೆನೋವಿದೆ. 'ನುಡಿ' ಅಥವಾ 'ಬರಹ' ಸಾಫ್ಟ್‌ವೇರ್‌ನ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲನ್ನು ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಫೈಲು ಕೆಟ್ಟಿಲ್ಲ, ಆ ಫಾಂಟ್ ಇಲ್ಲ ಅಷ್ಟೇ. ಆದರೆ ಅದರಲ್ಲಿ 'ವೀರಗಲ್ಲು' ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಅಪ್‌ಲೋಡ್‌ಗೆ ಮೊದಲೇ ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ) ಬದಲಿಸಿ, ಒಮ್ಮೆ ಕಣ್ಣಾಡಿಸಿ. ಪರಿವರ್ತಕಗಳು ಒತ್ತಕ್ಷರ, ಅರ್ಕಾವೊತ್ತು ಬಂದ ಕಡೆ ಒಮ್ಮೊಮ್ಮೆ ಕೈಕೊಡುತ್ತವೆ. ಮೂಲ ಫೈಲನ್ನೂ ಎಸೆಯಬೇಡಿ.

5. ಕೂಡಿ ಬರೆಯುವುದು

ಗೂಗಲ್ ಡಾಕ್ಸ್‌ನಲ್ಲಿ 'ಸಜೆಸ್ಟಿಂಗ್' ಮೋಡ್‌ನಲ್ಲಿ ತಿದ್ದಿ, ತಿದ್ದಿದ್ದು ಸಲಹೆಯಾಗಿ ಕಾಣುತ್ತದೆ, ಮೂಲ ಅಳಿಯುವುದಿಲ್ಲ. ವರ್ಡ್ ಫೈಲನ್ನು ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡು ಇಬ್ಬರು ಬೇರೆ ಬೇರೆ ತಿದ್ದಿ ವಾಪಸ್ ಹಾಕಬೇಡಿ. ಡ್ರಾಪ್‌ಬಾಕ್ಸ್ ಆದರೆ 'ಕಾನ್‌ಫ್ಲಿಕ್ಟೆಡ್ ಕಾಪಿ' ಅಂತ ಎರಡನೇ ಫೈಲು ಹುಟ್ಟುತ್ತದೆ, ಎರಡನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲು ಹೋಲಿಸುವ ಕರ್ಮ ನಿಮ್ಮದೇ. ಮೈಕ್ರೋಸಾಫ್ಟ್ ಆಕ್ಸೆಸ್‌ನಂಥ ಡೇಟಾಬೇಸ್ ಫೈಲನ್ನು ಸಿಂಕ್ ಆಗುವ (ಲ್ಯಾಪ್‌ಟಾಪ್, ಕ್ಲೌಡ್ ಎರಡೂ ಕಡೆ ತಾನಾಗಿ ಒಂದೇ ಆಗುತ್ತಿರುವ) ಫೋಲ್ಡರ್‌ನಲ್ಲಿಟ್ಟು ತೆರೆಯಲೇಬೇಡಿ, ಅರ್ಧ ಸಿಂಕ್ ಆದ ಹೊತ್ತಿಗೆ ಕೆಟ್ಟುಹೋಗಬಹುದು.

ಡ್ರೈವ್‌ನಲ್ಲಿ ಪಿಡಿಎಫ್, ವರ್ಡ್‌ನಂಥ ಫೈಲುಗಳ ಹಳೆಯ ಆವೃತ್ತಿ 30 ದಿನ ಅಥವಾ 100 ಆವೃತ್ತಿಯ ನಂತರ ಹೋಗುತ್ತದೆ. ಮುಖ್ಯವಾದದ್ದಕ್ಕೆ 'ಕೀಪ್ ಫಾರೆವರ್' ಹಾಕಿಡಿ.

6. ಬೇರೆ ಪ್ರತಿ

ಸಿಂಕ್ ಅಂದರೆ ಬ್ಯಾಕಪ್ ಅಲ್ಲ. ಒಂದು ಕಡೆ ಅಳಿಸಿದ್ದು ಎಲ್ಲ ಕಡೆ ಅಳಿಯುತ್ತದೆ. ತಿಂಗಳಿಗೊಮ್ಮೆ ಹಾರ್ಡ್‌ಡಿಸ್ಕ್‌ಗೆ ಇಳಿಸಿ, ಅದನ್ನು ಬೇರೆ ಕಟ್ಟಡದಲ್ಲಿಡಿ. ದೊಡ್ಡ ಫೋಲ್ಡರ್ ಡೌನ್‌ಲೋಡ್ ಮಾಡಿದರೆ ಡ್ರೈವ್ ಅದನ್ನು 001, 002 ಅಂತ ಹಲವು ಜಿಪ್ ಮಾಡಿ ಕೊಡುತ್ತದೆ. ಜನ ಮೊದಲನೆಯದನ್ನು ಬಿಚ್ಚಿ ಕೆಲಸ ಮುಗಿಯಿತು ಅನ್ನುತ್ತಾರೆ. ಎಲ್ಲ ಬಿಚ್ಚಿ, ಫೈಲುಗಳ ಸಂಖ್ಯೆ ತಾಳೆ ನೋಡಿ. ನನ್ನ ಕೇಳಿದರೆ ಇದಕ್ಕೆ ಆರ್‌ಕ್ಲೋನ್ ಕಲಿಯುವುದೇ ಮೇಲು, ಅದು ಕ್ಲೌಡ್‌ನ ಫೈಲುಗಳನ್ನು ನಕಲು ಮಾಡುವ, ಆದೇಶ ಟೈಪ್ ಮಾಡಿ ನಡೆಸುವ ಸಾಫ್ಟ್‌ವೇರ್. ಕಪ್ಪು ಪರದೆ ನೋಡಿ ಹೆದರಬೇಡಿ. ಅದು ಉಚಿತ, ಎರಡೂ ಕಡೆಯ ಫೈಲು ಒಂದೇನಾ ಅಂತ ಅದೇ ಪರೀಕ್ಷಿಸುತ್ತದೆ.

7. ಕೆಲಸ ಮುಗಿದ ಮೇಲೆ

ಲೇಖನದ ಅಡಿಟಿಪ್ಪಣಿಯಲ್ಲಿ ಡ್ರೈವ್ ಲಿಂಕ್ ಕೊಡಬೇಡಿ. ಖಾತೆ ಮುಚ್ಚಿದ ದಿನ ಲಿಂಕ್ ಸತ್ತಿತು. ಸಂಶೋಧನಾ ಡೇಟಾ ಇಡುವ ಝೆನೋಡೊ ಅನ್ನುವ ತಾಣಕ್ಕೆ ಹಾಕಿ. ಇದನ್ನು 2013ರಿಂದ ಜಿನೀವಾದ ಭೌತಶಾಸ್ತ್ರ ಸಂಶೋಧನಾ ಸಂಸ್ಥೆ ಸರ್ನ್ ನಡೆಸುತ್ತಿದೆ. ಒಂದು ದಾಖಲೆಗೆ 50 ಜಿಬಿವರೆಗೆ ಉಚಿತ, ಕಾಯಂ ಡಿಒಐ ಸಂಖ್ಯೆ (ದಾಖಲೆಯ ಶಾಶ್ವತ ವಿಳಾಸ) ಸಿಗುತ್ತದೆ. ಪ್ರಬಂಧ ಬರುವವರೆಗೆ ಮುಚ್ಚಿಡಬೇಕಿದ್ದರೆ ಎಂಬಾರ್ಗೊ ದಿನಾಂಕ, ಅಂದರೆ ಯಾವಾಗ ತೆರೆಯಬೇಕು ಅನ್ನುವ ದಿನಾಂಕ, ಹಾಕಬಹುದು. ಆದರೆ ಪ್ರಕಟಿಸಿ ಆಯಿತೆಂದರೆ ವಾಪಸ್ ತೆಗೆಯುವುದು ಸುಲಭವಲ್ಲ. ಪಬ್ಲಿಶ್ ಒತ್ತುವ ಮೊದಲು ಇನ್ನೊಬ್ಬರನ್ನು ಕೂರಿಸಿಕೊಂಡು ಪ್ರತಿ ಆಡಿಯೊದ ಮೊದಲ ಒಂದೆರಡು ನಿಮಿಷ ಕೇಳಿ. ಸಂಕೇತ ಸಂಖ್ಯೆ ಕೊಟ್ಟಿದ್ದರೂ, ಮಾತು ಶುರುವಾಗುವುದು "ನಿಮ್ಮ ಹೆಸರು ಹೇಳಿ ಅಜ್ಜಿ" ಅಂತಲೇ ಆಗಿರುತ್ತದೆ. ಆ ಭಾಗ ಕತ್ತರಿಸಿ, ಆಮೇಲೆ ಹಾಕಿ.