ಶುಗರ್ ಗುಳಿಗೆ ಕತ್ತರಿಯ ಬಾಯಿ ಕಟ್ಟುವುದು ಹೇಗೆ?

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಮೆಡಿಕಲ್ ಅಂಗಡಿಯಲ್ಲಿ ಮೊನ್ನೆ ಒಬ್ಬರು ಕಾಕಾ ಸಿಟಾಗ್ಲಿಪ್ಟಿನ್ ಎಂಬ ಶುಗರ್ ಗುಳಿಗೆಯ ಪಟ್ಟಿ ಹಿಡ್ಕೊಂಡು, "ಇದು ರಕ್ತದಾಗಿನ ಸಕ್ರಿ ಕರಗಸ್ತದೇನ್ರಿ?" ಎಂದು ಕೇಳುತ್ತಿದ್ದರು. ಇಲ್ಲ ಕಾಕಾ, ಈ ಗುಳಿಗೆ ಸಕ್ಕರೆಯನ್ನು ಮುಟ್ಟುವುದೇ ಇಲ್ಲ. ಒಂದು ಕತ್ತರಿಯ ಬಾಯಿಗೆ ಹೋಗಿ ಕೂರುತ್ತದೆ, ಅಷ್ಟೇ. ಮನೆಯಲ್ಲೇ ಮಾಡಿ ನೋಡಿ: 30 ಮಣಿ, ದಾರ, ಕತ್ತರಿ, ಒಂದು ಹುಣಸೆ ಬೀಜ ಇದ್ದರೆ ಸಾಕು.

ಮೊದಲು ಮಣಿ ಪೋಣಿಸಿ. ಮುಂದಿನಿಂದ ಎರಡನೇ ಮಣಿ ಬೇರೆ ಬಣ್ಣದ್ದಿರಲಿ. ಈ ಸರವೇ ಜಿಎಲ್‌ಪಿ-1 ಹಾರ್ಮೋನ್, ಒಂದೊಂದು ಮಣಿಯೂ ಒಂದೊಂದು ಅಮೈನೋ ಆಮ್ಲ (ಪ್ರೋಟೀನ್ ಕಟ್ಟುವ ಸಣ್ಣ ತುಣುಕು), ಬಣ್ಣದ್ದು ಅಲನಿನ್ ಎಂಬ ಅಮೈನೋ ಆಮ್ಲ. ನಾವು ರೊಟ್ಟಿ, ಬ್ಯಾಳಿ ಉಂಡಾಗ ಕರುಳಿನ ಕೆಲವು ಜೀವಕೋಶಗಳು ಇದನ್ನು ರಕ್ತಕ್ಕೆ ಬಿಡುತ್ತವೆ. "ಊಟ ಬಂತು, ಇನ್ಸುಲಿನ್ ಬಿಡು" ಅಂತ ಮೇದೋಜ್ಜೀರಕಕ್ಕೆ ಸುದ್ದಿ ಮುಟ್ಟಿಸುವುದು ಇದರ ಕೆಲಸ.

ಈಗ ಬಣ್ಣದ ಮಣಿಯ ಹಿಂದೆಯೇ ಕತ್ತರಿಸಿ. ಡಿಪಿಪಿ-4 ಎಂಬ ಕಿಣ್ವ ಮಾಡುವುದೂ ಇದನ್ನೇ. ಅದು ಜೀವಕೋಶಗಳ ಹೊರಮೈಗೆ ಅಂಟಿಕೊಂಡಿರುತ್ತದೆ, ರಕ್ತದಲ್ಲೂ ತೇಲುತ್ತಿರುತ್ತದೆ. ಎರಡನೇ ಮಣಿ ಅಲನಿನ್ ಅಥವಾ ಪ್ರೋಲಿನ್ ಆಗಿದ್ದರೆ ಅದಕ್ಕೆ ಬಲು ಇಷ್ಟ. ಹೋಗುವುದು ಎರಡೇ ಮಣಿ, ಆದರೆ ಉಳಿದ 28 ಮಣಿಯ ಮಾತನ್ನು ಮೇದೋಜ್ಜೀರಕ ಕೇಳುವುದೇ ಇಲ್ಲ. ಹೀಗೆ ಸುಮಾರು 2 ನಿಮಿಷದಲ್ಲೇ ಅರ್ಧ ಹಾರ್ಮೋನ್ ಹಾಳು. ತಟ್ಟೆ ಎತ್ತುವುದರೊಳಗೇ, ಅಲ್ವಾ!

ಇನ್ನೊಂದು ಸರ ತಗೊಳ್ಳಿ. ಈ ಸಲ ಕತ್ತರಿಯ ಎರಡು ಅಲಗು ಸೇರುವ ಮೂಲೆಯಲ್ಲಿ ಹುಣಸೆ ಬೀಜ ಇಟ್ಟು ಅದುಮಿ. ಅಲಗು ಕೂಡುವುದಿಲ್ಲ, ದಾರ ಉಳಿಯಿತು. ಗುಳಿಗೆ ಆ ಬೀಜ ಇದ್ದಂತೆ. ಕಿಣ್ವದ ಒಳಗೆ ಒಂದು ಸಣ್ಣ ಗೂಡಿದೆ, ಸರದ ತುದಿ ಬಂದು ಕೂರುವ ಜಾಗ ಅದು. ಸಿಟಾಗ್ಲಿಪ್ಟಿನ್‌ನ ಒಂದು ತುದಿಯಲ್ಲಿ ಮೂರು ಫ್ಲೋರಿನ್ ಹೊತ್ತ ಉಂಗುರವಿದೆ, ಅದು ಅಲನಿನ್ ಕೂರುವ ತಗ್ಗಿಗೆ ಸರಿಯಾಗಿ ಇಳಿಯುತ್ತದೆ, ಗುಳಿಗೆಯ ಅಮೈನೋ ಗುಂಪು ಪಕ್ಕದಲ್ಲಿರುವ ಕಿಣ್ವದ ಎರಡು ಗ್ಲುಟಾಮೇಟ್ ಎಂಬ ಅಮೈನೋ ಆಮ್ಲಗಳನ್ನು ಹಿಡಿದುಕೊಳ್ಳುತ್ತದೆ. ಜಾಗ ತುಂಬಿತು, ಹಾರ್ಮೋನ್ ಹೊರಗೇ ನಿಂತಿತು. ಇದೇ ಜಾತಿಯ ಇನ್ನೊಂದು ಗುಳಿಗೆ ವಿಲ್ಡಾಗ್ಲಿಪ್ಟಿನ್ ಸುಮ್ನೆ ಕೂರುವುದಿಲ್ಲ: ಕಿಣ್ವದಲ್ಲಿ ಕತ್ತರಿಸುವ ಕೆಲಸ ಮಾಡುವ ಸೀರಿನ್ ಎಂಬ ಅಮೈನೋ ಆಮ್ಲದ ಜೊತೆ ಬಂಧ ಕಟ್ಟಿಕೊಂಡು ನಿಧಾನಕ್ಕೆ ಬಿಡುತ್ತದೆ.

ನಮ್ಮ ಹಸಿ ತೊಗರಿಯಲ್ಲೂ ಇಂಥ ತಡೆಗಾರರಿದ್ದಾರೆ, ಟ್ರಿಪ್ಸಿನ್ ಎಂಬ ಬೇರೆ ಕತ್ತರಿಗೆ ಅಡ್ಡ ಬರುತ್ತಾರೆ. ಆದರೆ ಅವು ಪ್ರೋಟೀನ್, ಕುಕ್ಕರಿನ ಬಿಸಿಗೆ ಬಹುಪಾಲು ಕೆಡುತ್ತವೆ. ಗುಳಿಗೆಯ ಅಣು ಅವಕ್ಕಿಂತ ತೀರಾ ಚಿಕ್ಕದು.

ಕತ್ತರಿ ಸುಮ್ಮನಾದರೆ ಹಾರ್ಮೋನ್ ರಕ್ತದಲ್ಲಿ ಎರಡು ಮೂರು ಪಟ್ಟು ಜಾಸ್ತಿ ಉಳಿಯುತ್ತದೆ. ಅದು ಕೆಲಸ ಮಾಡುವುದು ಸಕ್ಕರೆ ಏರಿದಾಗ, ಹಾಗಾಗಿ ಈ ಗುಳಿಗೆಯೊಂದನ್ನೇ ತಗೊಂಡರೆ ಶುಗರ್ ತೀರಾ ಕೆಳಗಿಳಿಯುವ ಭಯ ಕಡಿಮೆ. ಮೇದೋಜ್ಜೀರಕದಲ್ಲಿ ಇನ್ಸುಲಿನ್ ಮಾಡುವ ಜೀವಕೋಶಗಳೇ ಉಳಿಯದಿದ್ದರೆ ಮಾತ್ರ ಸುದ್ದಿ ಎಷ್ಟು ಹೊತ್ತು ಉಳಿದರೂ ಕೇಳುವವರಿಲ್ಲ. ಟೈಪ್ 1 ಶುಗರ್‌ಗೆ ಈ ಗುಳಿಗೆ ಕೊಡದಿರುವುದು ಅದಕ್ಕೇ.

ಕೊನೆಗೆ ಬೀಜ ತೆಗೆದು ನೋಡಿ. ಕತ್ತರಿ ಮೊದಲಿನಂತೆಯೇ ಕತ್ತರಿಸುತ್ತದೆ. ಸಿಟಾಗ್ಲಿಪ್ಟಿನ್ ಬಹುಪಾಲು ಕಿಡ್ನಿಯಿಂದ ಹೊರಹೋಗುತ್ತದೆ, ಅದಕ್ಕೇ ದಿನಾ ಹೊಸ ಗುಳಿಗೆ ಬೇಕು, ಕಿಡ್ನಿ ಸೋತವರಿಗೆ ಡಾಕ್ಟರು ಪ್ರಮಾಣ ಇಳಿಸುತ್ತಾರೆ. ಡಾಕ್ಟರ ಹತ್ತಿರ ಹೋಗುವಾಗ ಕಿಡ್ನಿ ಹೇಗಿದೆ ಎಂದು ತೋರಿಸುವ ಹಳೇ ಕ್ರಿಯಾಟಿನಿನ್ ರಿಪೋರ್ಟ್ ಚೀಲದಲ್ಲಿ ಇಟ್ಟುಕೊಳ್ಳಿ.